ಮೆಷಿನ್ ತಲೆ ಮೇಲೆ ಏನೂ ಇಡಬೇಡಿ

"ಮೆಷಿನ್ ಸುಟ್ಟ ಮಿಸ್ತ್ರಿ ಇದ್ನಲ್ಲ ಮಾರಾಯ, ಅವ ಹೋದ್ನಂತೆ. ದಹಿಸರ್ ಕಡೆಯ ಗಿರಾಕಿ ಒಬ್ಬರು ಹೇಳಿದ್ರು."

ಸಾಂತಾಕ್ರೂಜಿನ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ಧಣಿಗಳು ಇಷ್ಟು ಹೇಳಿ, ಅದೇ ಉಸಿರಿನಲ್ಲಿ ಒಳಗೆ "ಎರಡು ಮಸಾಲೆ" ಎಂದು ಕೂಗಿದರು. ನಾನು ಕೈ ತೊಳೆದು ಹೊರಡುವವನಿದ್ದೆ. ಕೈ ಒರೆಸಿಕೊಳ್ಳುವುದನ್ನೇ ಮರೆತು ನಿಂತೆ. ನೀರು ತೊಟ್ಟಿಕ್ಕಿ ಚಪ್ಪಲಿಯೆಲ್ಲ ಒದ್ದೆಯಾಯಿತು.

ಮೆಷಿನ್ ಸುಟ್ಟ ಮಿಸ್ತ್ರಿ! ಮೆಷಿನ್ನುಗಳನ್ನು ತಣ್ಣಗಿಡುವುದೇ ಬದುಕಾಗಿದ್ದ ಮನುಷ್ಯನಿಗೆ ಸಾಂತಾಕ್ರೂಜ್ ಕೊಟ್ಟ ಹೆಸರು ಇದು. ಅವರ ನಿಜವಾದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ. ಅದು ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ. ಅವರು ಸುಟ್ಟವರಲ್ಲ ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ.

ಆ ಹೋಟೆಲಿನ ಮೇಲೆ ಒಂದು ಅಟ್ಟವಿತ್ತು. ಮೊದಲು ಅದು ಫ್ಯಾಮಿಲಿ ರೂಮು. ಎಂಬತ್ತರ ದಶಕದ ನಡುವಿನಲ್ಲಿ ಬೊಂಬಾಯಿಗೆ ವಿಡಿಯೋ ಗೇಮಿನ ಹುಚ್ಚು ಹಿಡಿದಾಗ ಧಣಿಗಳು ಟೇಬಲ್ಲುಗಳನ್ನೆಲ್ಲ ಕೆಳಗಿಳಿಸಿ ಅಲ್ಲಿ ಆರು ಮೆಷಿನ್ ತಂದಿಟ್ಟರು. ಆಳೆತ್ತರದ ಮರದ ಡಬ್ಬಗಳು, ಎದುರಿಗೆ ಟೀವಿಯಂಥ ಪರದೆ, ಕೆಳಗೆ ಹಿಡಿಕೆ, ಗುಂಡಿ. ಟೋಕನ್ ಹಾಕಿದರೆ ವಿಮಾನ ಹಾರುತ್ತದೆ, ಗುಂಡು ಸಿಡಿಯುತ್ತದೆ, ಮೂರು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಟೋಕನ್ ಕೊಡುವ ಕೆಲಸ ನನ್ನದು. ಆಗ ನನಗೆ ಇಪ್ಪತ್ತೊಂದು. ಅಪ್ಪ ತೀರಿಕೊಂಡು ವರ್ಷವಾಗಿತ್ತು, ಬೊರಿವಲಿಯ ಮನೆಯಲ್ಲಿ ಅಮ್ಮ ಮತ್ತು ಇಬ್ಬರು ತಂಗಿಯರು. ಮೈಸೂರು ಕಡೆಯ ಜನ ನಾವು. ಅಪ್ಪನ ಆಫೀಸಿನ ಯಾರೋ ಧಣಿಗಳಿಗೆ ಹೇಳಿ ಈ ಕೆಲಸ ಕೊಡಿಸಿದ್ದರು.

ಮೆಷಿನ್ ನೋಡಿಕೊಳ್ಳಲು ಬಂದವರು ಅವರು. ಮದ್ದೂರು ಕಡೆಯವರು, ಐವತ್ತರ ಆಸುಪಾಸು, ಕಡ್ಡಿಯಂಥ ದೇಹ, ತೋಳಿನ ಮೇಲೆ ಕಾದ ಕಬ್ಬಿಣ ತಾಗಿದ ಸಣ್ಣ ಸಣ್ಣ ಕಲೆಗಳು. ಧಣಿಗಳು "ಮಿಸ್ತ್ರಿ" ಅನ್ನುತ್ತಿದ್ದರು, ನಾನು "ಸಾರ್" ಅನ್ನುತ್ತಿದ್ದೆ. ಆಡಲು ಬರುವ ಹುಡುಗರೆಲ್ಲ ಅವರಿಗೆ ಇಟ್ಟ ಹೆಸರು ಥಂಡಾ ಅಂಕಲ್, ತಣ್ಣಗಿನ ಮಾಮ.

ಹಾಗೆ ಕರೆಯಲು ಕಾರಣವಿತ್ತು. ಮೂರು ಗಂಟೆ ಬಿಡದೆ ಓಡಿದ ಮೆಷಿನ್ನನ್ನು ಅವರು ಇಪ್ಪತ್ತು ನಿಮಿಷ ಆರಿಸಿಯೇ ಆರಿಸುತ್ತಿದ್ದರು. ಮುಂದೆ ನಿಂತವನು ಯಾರೇ ಇರಲಿ, ಆಟ ಎಲ್ಲಿಗೇ ಬಂದಿರಲಿ.

"ಅಂಕಲ್, ಪ್ಲೀಜ್! ಲಾಸ್ಟ್ ಸ್ಟೇಜ್ ಹೈ!"

"ಸ್ಟೇಜ್ ಗೀಜ್ ಕುಛ್ ನಹೀ. ಥಂಡಾ ಹೋನೇ ದೋ."

ಅವರ ಹಿಂದಿ ಅಷ್ಟೇ. ಇಪ್ಪತ್ತೈದು ವರ್ಷ ಬೊಂಬಾಯಿಯಲ್ಲಿದ್ದು ಕಲಿತದ್ದು ಒಟ್ಟು ಹತ್ತು ವಾಕ್ಯ, ಅದರಲ್ಲಿ ಆರು ಬೈಗುಳ. ಹುಡುಗ ಕಾಲು ಅಪ್ಪಳಿಸುತ್ತಾ ನನ್ನ ಹತ್ತಿರ ಬಂದು ಟೋಕನ್ ವಾಪಸ್ ಕೇಳುತ್ತಿದ್ದ. ನಾನು ಕೊಡುತ್ತಿದ್ದೆ. ಧಣಿಗಳು ನನ್ನ ಮೇಲೆ ಹಾರಾಡುತ್ತಿದ್ದರು. ಸಾರ್ ಕಿವಿಗೆ ಇದೊಂದೂ ಬೀಳುತ್ತಿರಲಿಲ್ಲ, ಹಿಂದಿನ ಬಾಗಿಲು ತೆಗೆದು ಒಳಗೆ ತಲೆ ತೂರಿಸಿ ಕೂತಿರುತ್ತಿದ್ದರು.

ಅವರ ಬ್ಯಾಗಿನಲ್ಲಿ ತಗಡಿನ ಕೊಳವೆಯೊಳಗೆ ಒಂದು ಗಾಜಿನ ಥರ್ಮಾಮೀಟರ್ ಇತ್ತು. ಯಾವುದೋ ಫೋಟೋ ಸ್ಟುಡಿಯೋ ಮುಚ್ಚಿದಾಗ ಕೊಂಡದ್ದಂತೆ. ದಾರ ಕಟ್ಟಿ ಅದನ್ನು ಮೆಷಿನ್ನಿನ ಮೇಲಿನ ತೂತಿನಿಂದ ಒಳಗೆ ಇಳಿಬಿಡುವರು. ಒಳಗಿನ ಗಾಳಿ ನಲವತ್ತೈದು ಡಿಗ್ರಿಯ ತನಕ ಇದ್ದರೆ ಆಡಲಿ. ಐವತ್ತು ದಾಟಿದರೆ ಹಿಂದಿನ ಬಾಗಿಲು ತೆಗೆ. ಐವತ್ತೈದಕ್ಕೆ ಕೈ ಸ್ವಿಚ್ಚಿನ ಮೇಲೆ ಇರಬೇಕು. ಇದು ಅವರ ಕಾಯಿದೆ. ಬೋರ್ಡಿನ ಮೇಲೆ ಚಿತ್ರ ಮೂಡಿಸುವ ಚಿಪ್‌ಗಳದ್ದು ಇನ್ನೊಂದು ಲೆಕ್ಕ. ಅವನ್ನು ಬೆರಳಿನಿಂದ ನೋಡಬೇಕು.

"ಬೆರಳಿನ ಹಿಂಭಾಗ ಇಡು. ಒಂದು, ಎರಡು, ಮೂರು, ನಾಲ್ಕು, ಐದು. ಐದರ ತನಕ ನಿಂತರೆ ಅದು ಸುಖವಾಗಿದೆ ಅಂತ ಅರ್ಥ. ಎರಡಕ್ಕೇ ಕೈ ಎಳ್ಕೊಂಡೆಯೋ, ಅದು ಅಳ್ತಾ ಇದೆ. ಆರಿಸಿಬಿಡು."

"ಶಾಕ್ ಹೊಡೆಯಲ್ವಾ ಸಾರ್?"

"ಇಲ್ಲಿ ಹೊಡೆಯಲ್ಲ. ಅಲ್ಲಿ, ಪಿಕ್ಚರ್ ಟ್ಯೂಬ್ ಹತ್ತಿರ ಕೈ ಹೋದ್ರೆ ನಿಮ್ಮಮ್ಮನಿಗೆ ನಾನು ಉತ್ತರ ಹೇಳಬೇಕಾಗುತ್ತೆ. ಆ ಕಡೆ ನೋಡಲೂ ಬೇಡ."

ನನಗೆ ಇದನ್ನೆಲ್ಲ ಕಲಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. "ಟೋಕನ್ ಕೊಡೋದು ಒಂದು ಕೆಲಸವೇನೋ? ಅದನ್ನ ಕೋತಿಯೂ ಮಾಡುತ್ತೆ. ಕೈಗೆ ಏನಾದ್ರೂ ಹಚ್ಕೋ," ಎಂದು ಬೈಯುತ್ತಲೇ ಬೆಸುಗೆ ಹಾಕುವುದು, ಬೋರ್ಡು ಒರೆಸುವುದು, ಸೈಕಲ್ ಪಂಪಿನಿಂದ ಧೂಳು ಹಾರಿಸುವುದು, ಎಲ್ಲ ಕಲಿಸಿದರು. ಇವತ್ತು ನಾನು ಅಂಧೇರಿಯಲ್ಲಿ ಕಂಪ್ಯೂಟರ್ ರಿಪೇರಿಯ ನೌಕರಿಯಲ್ಲಿದ್ದೇನೆ. ತಂಗಿಯರ ಮದುವೆಯಾಗಿದ್ದು, ಮನೆಗೆ ಫೋನ್ ಬಂದದ್ದು, ಎಲ್ಲ ಆ ಐದು ಎಣಿಸುವ ವಿದ್ಯೆಯಿಂದ. ಈಗಲೂ ಯಾವ ಡಬ್ಬ ತೆರೆದರೂ ನನ್ನ ಬೆರಳು ತಾನೇ ಮುಂದೆ ಹೋಗುತ್ತದೆ.

ಅವರು ಮೊದಲು ಫೋರ್ಟ್ ಕಡೆ ದೊಡ್ಡ ಕಂಪನಿಯೊಂದರ ಕಂಪ್ಯೂಟರ್ ಕೋಣೆಯಲ್ಲಿ ಎ.ಸಿ. ನೋಡಿಕೊಳ್ಳುತ್ತಿದ್ದವರು. ಬೀರುಗಳಂಥ ಕಂಪ್ಯೂಟರುಗಳಂತೆ. ಕೋಣೆ ಹಗಲೂ ಇರುಳೂ ಕೊರೆಯುತ್ತಿತ್ತಂತೆ. ಮೇ ತಿಂಗಳ ಬೊಂಬಾಯಿಯಲ್ಲಿ ಅವರು ಕೈಯಲ್ಲಿ ಸ್ವೆಟರ್ ಹಿಡಿದು ಲೋಕಲ್ ಹತ್ತುತ್ತಿದ್ದರಂತೆ, ಜನ ನೋಡಿ ನಗುತ್ತಿದ್ದರಂತೆ. "ಮನೆಯೋಳು ಹೆಣೆದುಕೊಟ್ಟಿದ್ದಳು. ನಕ್ಕರೆ ನಗಲಿ. ಆ ಕೋಣೇಲಿ ನಾನು ನಡುಗಿದರೆ ಕಂಪ್ಯೂಟರ್ ಚೆನ್ನಾಗಿದೆ ಅಂತ," ಅನ್ನುವರು. ಆ ಕಂಪನಿ ಹಳೆಯ ಕಂಪ್ಯೂಟರ್ ತೆಗೆದು ಹೊಸದು ತಂದಾಗ ಇವರನ್ನೂ ಹಳೆಯ ಸಾಮಾನಿನ ಜೊತೆಗೇ ಹೊರಗೆ ಹಾಕಿತು. ಅಲ್ಲಿಂದ ತಂದದ್ದು ಅಂಗೈಯಗಲದ ಎರಡು ಪುಟ್ಟ ಫ್ಯಾನುಗಳು ಮಾತ್ರ. ಅದರಲ್ಲಿ ಒಂದು ಮುಂದೆ ಈ ಕತೆಯಲ್ಲಿ ಬರುತ್ತದೆ.

ಅವರಿಗೂ ಧಣಿಗಳಿಗೂ ದಿನಾ ಜಗಳ. ಜಗಳವೆಲ್ಲ ಒಂದು ಗೇಣಿನ ಮೇಲೆ. ಗೋಡೆಗೂ ಮೆಷಿನ್ನಿಗೂ ನಡುವೆ ಒಂದು ಗೇಣು ಜಾಗ ಬಿಡಬೇಕು ಎಂದು ಇವರು. ಆರು ಗೇಣು ಸೇರಿಸಿದರೆ ಇನ್ನೊಂದು ಮೆಷಿನ್ ಹಿಡಿಯುತ್ತದೆ ಎಂದು ಧಣಿಗಳು.

"ನಿಮ್ಮ ಗೇಣಿಗೆ ಎಂತ ಸಾಯುದಾ ಮಿಸ್ತ್ರಿ? ಗೋಡೆಗೆ ತಾಗಿದ್ರೆ ಗೋಡೆ ಕಚ್ತದಾ?"

"ಧಣಿ, ನಿಮ್ಮ ಮೂಗಿಗೆ ಗೋಡೆ ತಾಗಿಸಿ ನಿಲ್ಲಿ. ಆಮೇಲೆ ಮಾತಾಡೋಣ."

ಕೊನೆಗೆ ಏಳನೆಯದು ಬಂದೇ ಬಂತು, ಕಾರ್ ರೇಸಿನ ಮೆಷಿನ್. ಉಳಿದೆಲ್ಲಕ್ಕಿಂತ ದೊಡ್ಡದು, ಉಳಿದೆಲ್ಲಕ್ಕಿಂತ ಬಿಸಿ. ಅದನ್ನು ಮೂಲೆಗೆ ತುರುಕಿದರು. ಗೇಣು ಜಾಗ ಇಲ್ಲ, ಹಿಂದಿನ ಬಾಗಿಲು ತೆಗೆಯಲು ಬರುವುದಿಲ್ಲ. ಇವರು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಅದರ ನೆತ್ತಿಯ ಮೇಲೆ ಸಾಲಾಗಿ ತೂತು ಕೊರೆದು, ಒಳಗೆ ಆ ಪುಟ್ಟ ಫ್ಯಾನ್ ಜೋಡಿಸಿದರು. "ಬಿಸಿ ಮೇಲಕ್ಕೆ ಹೋಗುತ್ತೆ. ಅದಕ್ಕೆ ಉಳಿದಿರೋದು ಇದೊಂದೇ ಬಾಗಿಲು. ಇದರ ತಲೆ ಮೇಲೆ ಯಾರೂ ಏನೂ ಇಡಬೇಡಿ." ಹಾಗೆಂದು ಕನ್ನಡದಲ್ಲೇ ಬರೆದು ಚೀಟಿ ಅಂಟಿಸಿದರು. ಆಡಲು ಬರುವ ಗುಜರಾತಿ, ಮರಾಠಿ ಹುಡುಗರಿಗೆ ಅದು ಓದಲು ಬರುತ್ತದೆಯೇ ಎಂದು ನಾನು ಕೇಳಿದೆ. "ಅವರು ಇಡಲ್ಲ. ಇಡೋರು ನಮ್ಮೋರೇ," ಅಂದರು.

ನಿಜವೇ. ಧಣಿಗಳ ಭಾವಮೈದುನ ಒಮ್ಮೆ ಅದರ ಮೇಲೆ ಚಹಾದ ಗ್ಲಾಸ್ ಇಟ್ಟು ಆಡುತ್ತಿದ್ದ. ಇವರು ಹೋಗಿ ಗ್ಲಾಸನ್ನು ಎತ್ತಿ, ಚಹಾವನ್ನು ತಾವೇ ಕುಡಿದು, ಖಾಲಿ ಗ್ಲಾಸು ಅವನ ಕೈಗೆ ಕೊಟ್ಟರು. ಇನ್ನೊಮ್ಮೆ ಕೆಳಗಿನ ವೇಟರ್, ಪಾಪ, ಕುಂದಾಪುರದವನು, ಒಳ್ಳೆಯ ಮನಸ್ಸಿನಿಂದಲೇ ಒಂದು ಬಕೆಟ್ ಐಸ್ ತಂದು ಮೆಷಿನ್ನಿನ ಹಿಂದೆ ಇಟ್ಟ. "ಸೆಕೆಗೆ ಇರ್ಲಿ ಅಂತ," ಎಂದ. ಇವರು ಹಣೆ ಹಣೆ ಚಚ್ಚಿಕೊಂಡರು. "ತಣ್ಣಗೆ ಅಂದ್ರೆ ಒದ್ದೆ ಅಲ್ಲ ಕಣಯ್ಯಾ! ಜ್ವರ ಬಂದೋನನ್ನ ಬಾವಿಗೆ ಎಸೀತಾರಾ? ಗಾಳಿ ಕೊಡು, ಸಾಕು." ವೇಟರ್ ಬಕೆಟ್ ಎತ್ತಿಕೊಂಡು ಹೋಗುವಾಗ ಸಾರ್ ಒಂದು ಐಸಿನ ತುಂಡು ತೆಗೆದು ನನ್ನ ಕುತ್ತಿಗೆಯ ಹಿಂದೆ ಇಟ್ಟು, "ನೀನು ಬೇಕಾದ್ರೆ ತಣ್ಣಗಾಗು," ಅಂದರು. ಅವರು ನಕ್ಕದ್ದನ್ನು ನಾನು ಕಂಡದ್ದು ಬೆರಳೆಣಿಕೆಯಷ್ಟು ಸಲ. ಅದರಲ್ಲಿ ಅದೊಂದು.

ಇಂಥ ಮನುಷ್ಯ ವರ್ಷಕ್ಕೆ ಒಂದು ದಿನ ಸ್ಕ್ರೂಡ್ರೈವರ್ ಮುಟ್ಟುತ್ತಿರಲಿಲ್ಲ. ಆಯುಧಪೂಜೆಯ ದಿನ. ಅವರಿಗೆ ದೇವರು ದಿಂಡರ ಮೇಲೆ ಅಂಥಾ ಭಕ್ತಿಯೇನೂ ಇರಲಿಲ್ಲ, ಆದರೆ ಈ ಒಂದು ಪೂಜೆಯ ಅರ್ಥ ಅವರಿಗೆ ಚೆನ್ನಾಗಿ ಗೊತ್ತಿತ್ತು. "ಸಾಮಾನಿಗೂ ಮೆಷಿನ್ನಿಗೂ ರಜೆ ಕೊಡೋ ದಿನ ಅದು. ನಮ್ಮ ಹಿರಿಯರು ದಡ್ಡರಲ್ಲ."

ಆ ವರ್ಷ ನವಮಿ ಭಾನುವಾರ ಬಂತು. ಅಕ್ಟೋಬರಿನ ಸೆಕೆ, ಬೊಂಬಾಯಿಯಲ್ಲಿ ಅದು ಎರಡನೆಯ ಬೇಸಿಗೆ. ಬೆಳಿಗ್ಗೆ ಏಳಕ್ಕೇ ಬಂದು ಅವರು ಏಳೂ ಮೆಷಿನ್ ಒರೆಸಿ, ಧೂಳು ಹಾರಿಸಿ, ತಮ್ಮ ಬ್ಯಾಗನ್ನು ನನ್ನ ಕೈಗೆ ಕೊಟ್ಟರು. "ನನಗೆ ಮನೇಲಿ ಪೂಜೆ ಇದೆ, ಹೋಗಬೇಕು. ಇದನ್ನ ನೀನೇ ಪೂಜೆಗಿಡು. ನಿನಗೆ ನಾಲ್ಕು ಶ್ಲೋಕನಾದ್ರೂ ಬರುತ್ತೆ, ನನಗೆ ಅದೂ ಬರಲ್ಲ. ನಾಳೆ ಬೆಳಿಗ್ಗೆ ಬಂದು ತಗೋತೀನಿ." ಅಟ್ಟದಲ್ಲಿ ಆಗ ನಾವಿಬ್ಬರೇ ಇದ್ದೆವು. ಹೊರಡುವಾಗ ಕೆಳಗೆ ಧಣಿಗಳಿಗೆ, "ಇವತ್ತು ಮೆಷಿನ್ ಹಾಕಬೇಡಿ," ಎಂದು ಹೇಳಿದ್ದು ನನಗೆ ಮೇಲಿನವರೆಗೂ ಕೇಳಿಸಿತು. ಧಣಿಗಳು ಹೂಂ ಅಂದದ್ದೂ ಕೇಳಿಸಿತು.

ನಾನು ಪೂಜೆಗೆ ಅಣಿ ಮಾಡಿದೆ. ಸಾಮಾನನ್ನು ಎಲ್ಲಿಡುವುದು? ನೆಲದ ಮೇಲೆ ಇಟ್ಟರೆ ಕಾಲು ತಾಗುತ್ತದೆ. ಕಿಟಕಿಯ ಕಟ್ಟೆ ಕಿರಿದು. ಕಾರ್ ರೇಸಿನ ಮೆಷಿನ್ನಿನ ನೆತ್ತಿ ಅಗಲವಾಗಿ, ಎತ್ತರವಾಗಿ, ಪೀಠದ ಹಾಗೆಯೇ ಇತ್ತು. ಹೇಗಿದ್ದರೂ ಇವತ್ತು ಮೆಷಿನ್ನಿಗೆ ರಜೆಯಲ್ಲವೇ? ಒಂದು ಮಣೆ ಇಟ್ಟು, ಅದರ ಮೇಲೆ ಅಮ್ಮ ಕೊಟ್ಟ ಕೆಂಪು ರವಿಕೆ ಖಣ ಹಾಸಿ, ಸ್ಕ್ರೂಡ್ರೈವರುಗಳನ್ನು ಸಾಲಾಗಿ ಜೋಡಿಸಿ, ಬೆಸುಗೆಯ ಕಡ್ಡಿ, ಇಕ್ಕಳ, ನಡುವೆ ಥರ್ಮಾಮೀಟರ್ ಇಟ್ಟೆ. ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಸುತ್ತಿ, ಬರುವ ನಾಲ್ಕು ಶ್ಲೋಕ ಹೇಳಿ ಮಂಗಳಾರತಿ ಎತ್ತಿದೆ. ಚೀಟಿ ಹೂವಿನ ಕೆಳಗೆ ಮರೆಯಾಯಿತು. ನೋಡಲು ಬಹಳ ಚೆನ್ನಾಗಿತ್ತು. ನಾನೇ ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಖುಷಿಪಟ್ಟೆ.

ಹನ್ನೊಂದರ ಹೊತ್ತಿಗೆ ಹುಡುಗರ ದಂಡು ಮೆಟ್ಟಿಲ ಕೆಳಗೆ ನೆರೆಯಿತು. ಭಾನುವಾರ, ಮೇಲಾಗಿ ಹಬ್ಬ. ಧಣಿಗಳು ಮೇಲೆ ಬಂದು, ಮಿಸ್ತ್ರಿಯೇ ಇಟ್ಟುಹೋದ ಪೂಜೆ ಅಂದುಕೊಂಡು ಕೈಮುಗಿದು, ತೀರ್ಥ ತಗೊಂಡು, "ಪೂಜೆ ಆಯ್ತಲ್ಲ, ಇನ್ನು ಹಾಕು," ಅಂದರು.

"ಸಾರ್ ಬೇಡ ಅಂದಿದ್ದಾರೆ, ಧಣಿ."

"ಹೋಟೆಲಿನ ಗ್ರೈಂಡರಿಗೂ ಪೂಜೆ ಆಗಿದೆ. ಅದು ತಿರುಗ್ತಾ ಉಂಟು. ಇಲ್ಲದಿದ್ರೆ ನೀನು ಬೆಳಿಗ್ಗೆ ತಿಂದ ಇಡ್ಲಿ ಎಲ್ಲಿಂದ ಬಂತು? ಹಾಕು ಹಾಕು."

ಹಾಕಿದೆ. ಹಾಕುವಾಗ ನನ್ನ ಕಣ್ಣು ಮಣೆಯ ಮೇಲೆ ಹೋಯಿತು. ಇದನ್ನು ಇಳಿಸಬೇಕು ಎಂದು ಅನ್ನಿಸಿತು. ಅನ್ನಿಸಲಿಲ್ಲ ಎಂದು ಹೇಳಿದರೆ ಅದು ಸುಳ್ಳು. ಆದರೆ ಪೂಜೆಗಿಟ್ಟದ್ದನ್ನು ಮರುದಿನ ಮತ್ತೆ ಪೂಜೆ ಮಾಡುವ ತನಕ ಕದಲಿಸಬಾರದು ಎಂದು ಅಮ್ಮ ಹೇಳಿಕೊಟ್ಟದ್ದು. ಅಪ್ಪ ಇದ್ದಾಗ ನವಮಿಯ ದಿನ ಮನೆಯಲ್ಲಿ ಪೆನ್ನು ಕೂಡ ಮುಟ್ಟುತ್ತಿರಲಿಲ್ಲ. ಸಾರ್ ನಂಬಿ ಕೊಟ್ಟುಹೋದ ಸಾಮಾನನ್ನು ಅರ್ಧ ಪೂಜೆಯಲ್ಲಿ ಎಳೆದುಹಾಕಿದರೆ ಅವರಿಗೇ ಕೇಡು ಎಂದುಕೊಂಡೆ. ಅವರ ಒಳ್ಳೆಯದಕ್ಕೇ ಇಳಿಸಲಿಲ್ಲ! ಬುದ್ಧಿಗೆ ಮಂಕು ಕವಿಯುವುದು ಅಂದರೆ ಇದೇ ಇರಬೇಕು.

ಮಧ್ಯಾಹ್ನ ಮೂರಕ್ಕೆ ಮೊದಲಿಗೆ ವಾಸನೆ ಬಂತು. ಕಾದ ಮರದ್ದೋ, ಬಾಡಿದ ಹೂವಿನದೋ ಎಂದು ತಿಳಿಯುವಷ್ಟರಲ್ಲಿ ಹೊಗೆ ಬಂತು, ಆಮೇಲೆ ಖಣ ಹತ್ತಿಕೊಂಡಿತು. ಹುಡುಗರು ಕಿರುಚುತ್ತಾ ಮೆಟ್ಟಿಲಿಳಿದರು. ನಾನು ಟೋಕನ್ನಿನ ಡಬ್ಬಿ ಎದೆಗೆ ಅಪ್ಪಿಕೊಂಡು ನಿಂತಿದ್ದೆ. ಐಸ್ ತಂದಿದ್ದ ಅದೇ ಕುಂದಾಪುರದ ವೇಟರ್ ಓಡಿಬಂದು ಮೇನ್ ಆರಿಸಿ, ಒದ್ದೆ ಗೋಣಿಯಿಂದ ಬಡಿದ. ಅವನ ಎರಡೂ ಮುಂಗೈ ಸುಟ್ಟವು. ಬೆಂಕಿ ಆರಿಸುವ ಬಂಬ್‌ನವರು ಬರುವ ಹೊತ್ತಿಗೆ ಮೂರು ಮೆಷಿನ್ ಕರಕಲಾಗಿದ್ದವು, ಅಟ್ಟದ ಸೂರು ಕಪ್ಪಾಗಿತ್ತು.

ದಹಿಸರಿನಲ್ಲಿ ಅವರ ಮನೆಯ ಹತ್ತಿರದ ಕಿರಾಣಿ ಅಂಗಡಿಗೆ ಫೋನ್ ಮಾಡಿ ಅವರನ್ನು ಕರೆಸಿದರು. ಸಂಜೆ ಬಂದರು. ಹಣೆಯಲ್ಲಿ ಮನೆಯ ಪೂಜೆಯ ಕುಂಕುಮ ಇನ್ನೂ ಇತ್ತು. ಹವಾಲ್ದಾರನಿದ್ದ, ಧಣಿಗಳಿದ್ದರು, ಮೆಷಿನ್ ಬಾಡಿಗೆಗೆ ಕೊಟ್ಟ ಪಾರ್ಟಿಯವನಿದ್ದ. ಕಾರ್ ರೇಸಿನ ಮೆಷಿನ್ನಿನ ನೆತ್ತಿಯ ಮೇಲೆ ಸ್ಕ್ರೂಡ್ರೈವರಿನ ಹಿಡಿಗಳು ಕರಗಿ ಅಂಟಿಕೊಂಡಿದ್ದವು.

"ಇದು ಯಾರ ಸಾಮಾನು ಮಿಸ್ತ್ರಿ?" ಧಣಿಗಳು ಕೇಳಿದರು.

"ನನ್ನದೇ."

"ಇಲ್ಲಿ ಇಟ್ಟದ್ದು ಯಾರು?"

"ನಾನಲ್ಲ."

"ಮತ್ತೆ ಯಾರು, ದೇವರಾ? ನೋಡಿ ಹವಾಲ್ದಾರ್ ಸಾಬ್, ಒಂದು ಗ್ಲಾಸ್ ಚಾ ಇಡ್ಲಿಕ್ಕೆ ಬಿಡದವ, ತಾನೇ ಇಡೀ ಅಂಗಡಿ ಇಟ್ಟು ಹೋಗಿದ್ದಾನೆ!"

ಆಗ ಅವರು ನನ್ನ ಕಡೆ ನೋಡಿದರು. ಸಿಟ್ಟಿನ ನೋಟವಲ್ಲ. ಚಿಪ್‌ನ ಮೇಲೆ ಬೆರಳಿಟ್ಟು ಐದು ಎಣಿಸುವಾಗ ಅವರ ಮುಖ ಹೇಗಿರುತ್ತಿತ್ತೋ ಹಾಗೆಯೇ ಇತ್ತು. ಅಷ್ಟೇ ಹೊತ್ತು ನೋಡಿದರು. ನನ್ನ ಬಾಯಲ್ಲಿ ಮಾತು ಬಂದು ನಿಂತಿತ್ತು: ಇಟ್ಟವನು ನಾನು. ಎರಡೇ ಪದ. ಹೇಳಿದರೆ ಹವಾಲ್ದಾರ ನನ್ನನ್ನು ಕರೆದೊಯ್ಯುತ್ತಾನೆ, ಕೆಲಸ ಹೋಗುತ್ತದೆ, ಅಮ್ಮ ಏನು ಮಾಡುತ್ತಾಳೆ? ಹೀಗೆಲ್ಲ ಯೋಚಿಸಿದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡದ್ದುಂಟು. ನಿಜ ಹೇಳಬೇಕೆಂದರೆ ಯೋಚನೆಗೀಚನೆ ಏನೂ ಇಲ್ಲ. ಹೆದರಿಕೆಯಾಯಿತು, ಬಾಯಿ ಮುಚ್ಚಿಕೊಂಡೆ.

ಅವರು ನೋಟ ತಿರುಗಿಸಿ, ಬಗ್ಗಿ, ಕರಕಲಿನಲ್ಲಿ ಬಿದ್ದಿದ್ದ ಥರ್ಮಾಮೀಟರಿನ ತಗಡಿನ ಕೊಳವೆ ಎತ್ತಿಕೊಂಡರು. ಅಲ್ಲಾಡಿಸಿದಾಗ ಒಳಗೆ ಗಾಜಿನ ಚೂರಿನ ಸದ್ದಾಯಿತು. ಅದನ್ನು ಜೇಬಿಗೆ ಹಾಕಿಕೊಂಡು ಹವಾಲ್ದಾರನ ಹಿಂದೆ ನಡೆದರು. ಎರಡು ದಿನ ಅವರನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿ ಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ಗಾದೆ ಹೇಳುತ್ತಾರೆ. ಬರೆ ಹಾಕುವಾಗ ಆ ಎತ್ತು ಪಕ್ಕದಲ್ಲೇ ನಿಂತು ನೋಡುತ್ತಿತ್ತು ಎಂದು ಯಾರೂ ಹೇಳುವುದಿಲ್ಲ.

ಪಾರ್ಟಿಯವನು ಬಾಂದ್ರಾದಿಂದ ಬೊರಿವಲಿಯ ತನಕ ಇದ್ದಬದ್ದ ವಿಡಿಯೋ ಗೇಮ್ ಪಾರ್ಲರುಗಳಿಗೆಲ್ಲ ಸುದ್ದಿ ಮುಟ್ಟಿಸಿದ. ಆಮೇಲೆ ಅವರನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಮಿಸ್ತ್ರಿಗೆ ಇರುವುದು ಹೆಸರೊಂದೇ. ಅದು ಹೋದರೆ ಆ ಕೈಯಲ್ಲಿ ಎಷ್ಟು ವಿದ್ಯೆ ಇದ್ದರೂ ಯಾರು ಬಾಗಿಲು ತೆರೆಯುತ್ತಾರೆ? ಧಣಿಗಳು ನನ್ನನ್ನು ಕೆಲಸದಲ್ಲಿ ಇಟ್ಟುಕೊಂಡರು. ಉಳಿದ ನಾಲ್ಕು ಮೆಷಿನ್ನಿಗೆ ನಾನೇ ಮಿಸ್ತ್ರಿಯಾದೆ. ಗೋಡೆಯಿಂದ ಒಂದು ಗೇಣು ಸರಿಸಿ ಇಟ್ಟೆ. ಈ ಸಲ ಧಣಿಗಳು ಏನೂ ಅನ್ನಲಿಲ್ಲ.

ಎರಡು ವರ್ಷದ ಮೇಲೆ ಒಂದು ಸಂಜೆ ಲೋಕಲಿನಲ್ಲಿ ಅವರು ಸಿಕ್ಕರು. ಕಾಂದಿವಲಿಯಲ್ಲಿ ಹತ್ತಿದರು. ಮೈಮೇಲೆ ವಾಚ್‌ಮನ್ನಿನ ಖಾಕಿ ಅಂಗಿ, ಅದು ಅವರಿಗಿಂತ ಎರಡು ಅಳತೆ ದೊಡ್ಡದು. ಯಾವುದೋ ಬಿಲ್ಡಿಂಗಿನ ಗೇಟಿನಲ್ಲಿ ಕೂರುತ್ತಾರಂತೆ. ನನ್ನನ್ನು ಕಂಡವರೇ ಗುಂಪಿನಲ್ಲಿ ಜಾಗ ಮಾಡಿಕೊಂಡು ನನ್ನ ಹತ್ತಿರ ಬಂದರು. ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿಕೊಳ್ಳುತ್ತಿದ್ದೆ, ಅವರು ಮಾತ್ರ ಮಾಮೂಲಿಯಂತೆ ಕೇಳಿದರು.

"ಮೆಷಿನ್ ಹೇಗಿವೆ?"

"ಚೆನ್ನಾಗಿವೆ ಸಾರ್."

"ಗೇಣು ಬಿಟ್ಟಿದೀಯಾ?"

"ಬಿಟ್ಟಿದೀನಿ ಸಾರ್."

"ಬೆರಳಿಟ್ಟು ನೋಡ್ತೀಯಾ?"

"ದಿನಾ ನೋಡ್ತೀನಿ."

ತಲೆ ಆಡಿಸಿದರು. ನಾನು ಮಳೆಯ ಮಾತು, ಗಾಡಿ ಲೇಟಾದ ಮಾತು, ಅಮ್ಮನ ಮಂಡಿನೋವಿನ ಮಾತು, ಎಲ್ಲ ಆಡಿದೆ. ಬೊರಿವಲಿ ಬಂತು. ನಾನು ಇಳಿಯಬೇಕು, ಅವರು ಮುಂದಿನ ಸ್ಟೇಷನ್. ಬಾಗಿಲಿಗೆ ಬಂದಾಗ ಹಿಂದಿನಿಂದ ಕೂಗಿದರು.

"ಇನ್ನೇನಾದ್ರೂ ಹೇಳೋದಿತ್ತೇನಪ್ಪಾ?"

"ಇಲ್ಲ ಸಾರ್."

ಗಾಡಿ ಹೊರಟಿತು. ಜನರ ತಲೆಗಳ ನಡುವೆ ಅವರ ಮುಖ ಕಂಡಿತು, ಇನ್ನೂ ನನ್ನನ್ನೇ ನೋಡುತ್ತಿತ್ತು. ಅಷ್ಟಾದ ಮೇಲೆ ನಾನು ಕಾಂದಿವಲಿ ಬಂತೆಂದರೆ ಬೋಗಿಯ ಒಳಗೆ ಒಳಗೆ ಸರಿದು ನಿಲ್ಲುತ್ತಿದ್ದೆ. ಇಂಥ ಹೇಡಿ ನಾನು.

ಸಾವಿನ ಸುದ್ದಿ ಕೇಳಿದ ಮರುದಿನ ದಹಿಸರಿಗೆ ಹೋದೆ. ನದಿಯ ಹತ್ತಿರದ ಚಾಳು. ಎರಡನೆಯ ಮಾಳಿಗೆ, ಒಂದೇ ಕೋಣೆ. ಬರಿಗೈಯಲ್ಲಿ ಹೋಗಬಾರದೆಂದು ಸ್ಟೇಷನ್ನಿನ ಹೊರಗೆ ಬಾಳೆಹಣ್ಣು, ಮೋಸಂಬಿ ಕೊಂಡಿದ್ದೆ. ಅವರ ಹೆಂಡತಿ ಬಾಗಿಲು ತೆಗೆದರು. ಮೇ ತಿಂಗಳು, ಸೂರಿನ ತಗಡು ಕಾದಿತ್ತು, ಆದರೂ ಕೋಣೆಯಲ್ಲಿ ಹೇಗೋ ಗಾಳಿಯಾಡುತ್ತಿತ್ತು. ಬೀರು, ಟ್ರಂಕು, ಮಂಚ, ಎಲ್ಲವೂ ಗೋಡೆಯಿಂದ ಒಂದು ಗೇಣು ಈಚೆಗಿದ್ದವು. ನಾನು ಹಣ್ಣಿನ ಚೀಲವನ್ನು ಎಲ್ಲಿಡುವುದೆಂದು ತಿಳಿಯದೆ ಪಕ್ಕದಲ್ಲಿದ್ದ ಸಣ್ಣ ಟೀವಿಯ ಮೇಲಿಟ್ಟು ಚಾಪೆಯ ಮೇಲೆ ಕೂತೆ.

"ಎದೆ ನೋವು ಅಂದ್ರು. ಗೇಟಿನ ಹತ್ತಿರ ಕುರ್ಚಿ ಮೇಲೆ ಕೂತಿದ್ರಂತೆ. ಹಾಗೇ ಹೋಗಿಬಿಟ್ರು," ಎಂದರು ಅವರು. ಲೋಟಕ್ಕೆ ನೀರು ಬಗ್ಗಿಸುತ್ತಾ, "ನೀವು ಯಾವ ಕಡೆಯಿಂದ ಗೊತ್ತು?" ಎಂದು ಕೇಳಿದರು.

"ಸಾಂತಾಕ್ರೂಜ್. ಅವರು ಕೆಲಸ ಮಾಡ್ತಿದ್ರಲ್ಲ, ಅಲ್ಲಿ."

ಅವರ ಕೈಯಲ್ಲಿದ್ದ ನೀರಿನ ಲೋಟ ನನ್ನತ್ತ ಬರುತ್ತಿದ್ದದ್ದು ನಡುವೆ ನಿಂತಿತು.

"ಅಲ್ಲಿಂದ ಇಷ್ಟು ವರ್ಷ ಒಬ್ಬರೂ ಬಂದಿರಲಿಲ್ಲ," ಅಂದರು. "ಹಬ್ಬದ ದಿನ ಬ್ಯಾಗ್ ಯಾರ ಕೈಗೆ ಕೊಟ್ರಿ, ಹೆಸರು ಹೇಳಿ, ನಾನೇ ಹೋಗಿ ಕೇಳ್ತೀನಿ ಅಂತ ಎಷ್ಟು ಬಡ್ಕೊಂಡೆ. ಹೇಳಲಿಲ್ಲ. 'ನಾನು ಹೇಳಿದ್ರೆ ಅದು ಚಾಡಿ ಕಣೇ, ಅವನು ಹೇಳಿದ್ರೆ ಅದು ನಿಜ. ಹುಡುಗ ಒಳ್ಳೆಯೋನು, ಬಂದು ಹೇಳ್ತಾನೆ,' ಅಂದ್ರು. ಭಾನುವಾರ ಬಂದ್ರೆ ಅಂಗಿ ಹಾಕ್ಕೊಂಡು ಹೊರಗೆ ಆ ವರಾಂಡದ ಕಟಕಟೆ ಹತ್ತಿರ ದಾರಿ ನೋಡ್ತಾ ನಿಲ್ಲೋರು. ಒಂದು ವರ್ಷ, ಎರಡು ವರ್ಷ. ಒಂದಿನ ರೈಲಲ್ಲಿ ಸಿಕ್ಕಿದ್ದ ಅಂತ ಬಂದು ಹೇಳಿದ್ರು. ಆಮೇಲೆ ನಿಲ್ಲೋದು ಬಿಟ್ರು."

ಕೆಳಗೆ ಯಾರೋ ನಲ್ಲಿಯಲ್ಲಿ ಬಿಂದಿಗೆ ತುಂಬಿಸುತ್ತಿದ್ದರು.

"ಅದು ನೀವೇನಾ?" ಎಂದು ಕೇಳಿದರು.

"ಹೌದಮ್ಮಾ," ಅಂದೆ. "ಮೆಷಿನ್ ಮೇಲೆ ಇಟ್ಟವನು ನಾನು."

ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಲೋಟವನ್ನು ನೆಲದ ಮೇಲಿಟ್ಟು ಎದ್ದರು. ಟೀವಿಯ ಮೇಲಿಂದ ಹಣ್ಣಿನ ಚೀಲ ಎತ್ತಿ ತಂದು ನನ್ನ ಮಡಿಲಲ್ಲಿ ಇಟ್ಟರು. ಆಗ ನೋಡಿದೆ, ಆ ಟೀವಿಯ ಮೇಲೆ ಬಟ್ಟೆಯಿಲ್ಲ, ಗೊಂಬೆಯಿಲ್ಲ, ಅವರ ಫೋಟೋ ಕೂಡ ಇರಲಿಲ್ಲ. ಹಾರ ಹಾಕಿದ ಫೋಟೋವನ್ನು ಗೋಡೆಯ ಬದಿಗೆ, ನೆಲದ ಮೇಲೆ ಮಣೆ ಹಾಕಿ ಇಟ್ಟಿದ್ದರು.

"ಅದರ ಮೇಲೆ ಏನೂ ಇಡಬಾರದು ಅಂತ ಅವರು ನಿಮಗೂ ಹೇಳಿರಬೇಕಲ್ಲ," ಅಂದರು.